ಮಗನ ಹೆಸರಿನ ವಿದ್ಯಾರ್ಥಿವೇತನ

ಬಾಗಿಲು ತಟ್ಟಿದ ಇಬ್ಬರು ಪೊಲೀಸರಿಗೆ ನಾನು ಚಹಾ ಮಾಡಿ ಕೊಟ್ಟೆ. ಅವರು ಬೇಡವೆಂದರು, ನಾನು ಕೇಳಲಿಲ್ಲ. ಆಗ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಅರ್ಧ ಮನೆಗಳು ಇನ್ನೂ ಕಟ್ಟುವ ಹಂತದಲ್ಲಿದ್ದವು. ಕೆಲಸ ನಡೆಯುವ ಕಡೆಯಿಂದ ತಂತಿ, ಕೊಳವೆ ಕಳುವಾಗುತ್ತಿದ್ದವು. ಅದನ್ನೇ ವಿಚಾರಿಸಲು ಬಂದಿದ್ದಾರೆಂದು ತಿಳಿದೆ. ಹೆಂಗಸು ಪೊಲೀಸು ನನ್ನ ಹೆಸರು ಕೇಳಿದಳು. ಬರ್ಥಾ ಎಂದೆ. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದಳು. ಮಗಳು ಲವಿನಾ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಗೆ ಕೆಲಸಕ್ಕೆ ಹೋಗಿದ್ದಾಳೆ ಎಂದೆ. ಅವಳನ್ನು ಕರೆಸುತ್ತೇವೆ, ಬರುವವರೆಗೆ ಕೂತಿರುತ್ತೇವೆ ಎಂದು ಇಬ್ಬರೂ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸುಮ್ಮನೆ ಕೂರುವುದು ಹೇಗೆಂದು ನಾನು ಗೋಡೆಯ ಮೇಲಿದ್ದ ಪಟವನ್ನು ತೋರಿಸಿ, ಇವನು ನನ್ನ ಮಗ ಆಲ್ರಾಯ್, ನಿಮ್ಮ ದೇಶದ ಸೈನ್ಯದಲ್ಲಿದ್ದವನು ಎಂದು ಹೇಳಿದೆ. ಆ ಹುಡುಗಿ ಪಟವನ್ನು ನೋಡಲಿಲ್ಲ.

ಲವಿನಾಳ ಕಾರು ಬಂತು. ಪೊಲೀಸರು ಎದ್ದು ಹೊರಗೆ ಹೋದರು. ಕಿಟಕಿಯ ಗಾಜಿನಾಚೆ ಅವಳು ಕಾರಿನ ಬಾಗಿಲನ್ನು ಹಿಡಿದು ನಿಂತದ್ದು ಕಂಡಿತು. ಒಳಗೆ ಬಂದು, "ಮಮ್ಮಿ, ಆಲ್ರಾಯ್‌ಗೆ ಆಕ್ಸಿಡೆಂಟ್ ಆಗಿದೆ" ಎಂದಳು.

"ಯಾವ ಆಸ್ಪತ್ರೆಯಲ್ಲಿದ್ದಾನೆ?"

"ಆಸ್ಪತ್ರೆಗೆ ಕೊಂಡುಹೋಗಲಿಲ್ಲ, ಮಮ್ಮಿ."

ಮೆಲ್ಬರ್ನಿನಲ್ಲಿ, ಕ್ರಾನ್‌ಬರ್ನ್ ದಾಟಿದ ಮೇಲಿನ ಹೆದ್ದಾರಿಯಲ್ಲಿ, ಬೆಳಕು ಹರಿಯುವ ಹೊತ್ತಿಗೆ ಅವನು ಓಡಿಸುತ್ತಿದ್ದ ಬ್ರೆಡ್ಡಿನ ವ್ಯಾನು ಮರಕ್ಕೆ ಹೊಡೆದಿತ್ತು. ಬ್ರೇಕ್ ಹಾಕಿದ ಗುರುತು ರಸ್ತೆಯಲ್ಲಿ ಇರಲಿಲ್ಲವಂತೆ. ನಿದ್ದೆ ಹೋಗಿದ್ದಾನೆ ಎಂದರು.

ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗ ರಾತ್ರಿಯೆಲ್ಲ ಬ್ರೆಡ್ಡಿನ ವ್ಯಾನು ಓಡಿಸಬೇಕಾಗಿ ಬಂದದ್ದು ಏಕೆಂದು ಹೇಳಬೇಕು. ನಾವು ಮಂಗಳೂರು ಬಿಟ್ಟು ಇಲ್ಲಿಗೆ ಬಂದಾಗ ಅವನು ಹೈಸ್ಕೂಲಿನ ಹುಡುಗ. ಸಿಟಿಜನ್‌ಶಿಪ್ ಸಿಕ್ಕಿದ ಮೇಲೆ ಸೈನ್ಯಕ್ಕೆ ಸೇರುತ್ತೇನೆಂದ. ಅವನ ಅಪ್ಪ ಎಡ್ವರ್ಡ್ ಆಗ ಬದುಕಿದ್ದರು. ನಮ್ಮ ಮನೆತನದಲ್ಲಿ ಯಾರೂ ಬಂದೂಕು ಹಿಡಿದವರಲ್ಲವೆಂದು ಬೈದರು. ಅವನು ಹೋದ. ಈಸ್ಟ್ ಟಿಮೋರ್‌ನಲ್ಲಿ ಲಾರಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡ. ಸೈನ್ಯ ಅವನನ್ನು ಮನೆಗೆ ಕಳಿಸಿತು. ಕಾಲನ್ನು ಚಾಚಿಕೊಂಡು ಕೂತು, ನಿನ್ನ ಹಾಗೆ ಮೇಷ್ಟ್ರಾಗುತ್ತೇನೆ ಮಮ್ಮಿ ಎಂದ. ನಾನು ಊರಿನ ಕಾನ್ವೆಂಟ್ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು.

ಮೆಲ್ಬರ್ನಿನ ಒಂದು ಖಾಸಗಿ ಕಾಲೇಜು ಮಾಜಿ ಸೈನಿಕರನ್ನು ಶಿಕ್ಷಕರ ತರಬೇತಿಗೆ ಸೇರಿಸಿಕೊಳ್ಳುತ್ತಿತ್ತು. ಕಾಲೇಜಿನಿಂದಲೇ ಒಂದು ನೆರವು ಸಿಕ್ಕಿತು; ಅವನ ರೂಮಿನ ರೆಂಟಿಗೂ ಊಟಕ್ಕೂ ಅದೇ ಆಧಾರ. ಗಾಯಗೊಂಡ ಸೈನಿಕರಿಗೆ ಸರಕಾರ ಕೊಡುವ ಓದಿನ ನೆರವಿಗೂ ಅರ್ಜಿ ಹಾಕಿದ್ದ. ಅದು ಡಾಕ್ಟರುಗಳ ತಪಾಸಣೆ ಮುಗಿದು ಮಂಜೂರಾಗಲು ಬಹಳ ಕಾಲ ಹಿಡಿಯಿತು. ಮಂಜೂರಾದರೂ ಅದು ಫೀಸಿಗೆ ಮತ್ತು ಪುಸ್ತಕಗಳಿಗೆ ಮಾತ್ರ. ಅದರಿಂದ ಒಂದು ತುತ್ತು ಅನ್ನ ತಿನ್ನುವ ಹಾಗಿಲ್ಲ.

ಆ ಮಂಜೂರಾತಿ ಬಂದ ವಾರವೇ ಮೆಲ್ಬರ್ನಿನ ಕನ್ನಡ ಸಂಘದ ಯುಗಾದಿ ಊಟವಿತ್ತು. ನಾವು ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಸ್ತುವರು. ಆದರೂ ಕನ್ನಡ ಕೇಳಿಸುವ ಜಾಗವೆಂದರೆ ಅವನಿಗೆ ಊರು ಸಿಕ್ಕಿದ ಹಾಗೆ. ಅಲ್ಲಿ ಗುರುದತ್ತ ಎಂಬ ಮೈಸೂರಿನವನು ಅವನಿಗೆ ಪರಿಚಯ. ಆಲ್ರಾಯ್ ಓದುತ್ತಿದ್ದ ಕಾಲೇಜಿನಲ್ಲೇ, ವಿದ್ಯಾರ್ಥಿಗಳ ನೆರವಿನ ವಿಭಾಗದಲ್ಲಿ ಅವನಿಗೆ ಕೆಲಸ. ಆಲ್ರಾಯ್ ಅವನನ್ನು ಗುರು ಅಣ್ಣ ಎಂದು ಕರೆಯುತ್ತಿದ್ದ. ನಾನು ಕಳಿಸಿದ ನಿಂಬೆ ಉಪ್ಪಿನಕಾಯಿಯಲ್ಲಿ ಅವನಿಗೂ ಪಾಲು ಕೊಡುತ್ತಿದ್ದ. ಹೋಳಿಗೆ ತಿನ್ನುತ್ತ ಸಂತೋಷದಲ್ಲಿ, ಗುರು ಅಣ್ಣ, ಆರ್ಮಿದು ಸ್ಯಾಂಕ್ಷನ್ ಆಯ್ತು ಎಂದು ಹೇಳಿದನಂತೆ. ಊರಿನವನಿಗೆ ಹೇಳಿದ ಹಾಗೆ ಹೇಳಿದ. ಆದರೆ ಕೇಳಿಸಿಕೊಂಡದ್ದು ಊರಿನವನಲ್ಲ, ಆಫೀಸಿನವನು. ಆ ವಾರ ಮುಗಿಯುವುದರೊಳಗೆ ಕಾಲೇಜಿನ ನೆರವು ನಿಂತಿತು. ಒಬ್ಬ ವಿದ್ಯಾರ್ಥಿಗೆ ಬೇರೆ ಕಡೆಯಿಂದ ನೆರವು ಬಂದರೆ ಕಾಲೇಜು ಕೊಡುವುದರಿಂದ ಅಷ್ಟನ್ನು ಕಳೆಯಬೇಕೆಂಬುದು ಅಲ್ಲಿಯ ಪದ್ಧತಿ. ಬಂದದ್ದು ಫೀಸಿಗೋ ಹೊಟ್ಟೆಗೋ ಎಂದು ಆ ಪದ್ಧತಿ ನೋಡುವುದಿಲ್ಲ.

ಫೋನಿನಲ್ಲಿ ನಾನು ಗುರುದತ್ತನನ್ನು ಬೈದೆ. ಆಲ್ರಾಯ್ ನನ್ನನ್ನೇ ಸಮಾಧಾನ ಮಾಡಿದ. "ಗುರು ಅಣ್ಣನದ್ದು ಎಂತ ತಪ್ಪು ಮಮ್ಮಿ, ರೂಲ್ ಹಾಗೆ ಉಂಟು." ಲವಿನಾ ಸಹಾಯ ಮಾಡುತ್ತೇನೆಂದರೆ, ನಿನ್ನ ಮಾರ್ಟ್‌ಗೇಜ್ ನೀನು ಕಟ್ಟು ಮಾರಾಯ್ತಿ ಎಂದು ನಕ್ಕ. ಬ್ರೆಡ್ಡಿನ ವ್ಯಾನಿನ ಕೆಲಸ ಹಿಡಿದದ್ದನ್ನು ನಮಗೆ ಹೇಳಲಿಲ್ಲ.

ಅವನನ್ನು ಸಿಡ್ನಿಗೆ ತಂದು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಅವನ ಜೊತೆ ಮನೆ ಹಂಚಿಕೊಂಡಿದ್ದ ಡ್ಯಾರೆನ್ ಎಂಬ ಮಾಜಿ ಸೈನಿಕ ಮೆಲ್ಬರ್ನಿನಿಂದ ಕಾರು ಓಡಿಸಿಕೊಂಡು ಬಂದಿದ್ದ. ಅವನೂ ಅದೇ ಕಾಲೇಜು. ಅವನಿಗೂ ಸರಕಾರದ ಅದೇ ನೆರವು ಮಂಜೂರಾಗಿತ್ತು. ಆದರೆ ಅವನಿಗೆ ಕಾಲೇಜು ಕೊಡುತ್ತಿದ್ದದ್ದು ಟರ್ಮ್ ಮುಗಿಯುವವರೆಗೆ ನಿಲ್ಲಲಿಲ್ಲವಂತೆ. ಅಷ್ಟರಲ್ಲಿ ಬೇರೆ ಏರ್ಪಾಡು ಮಾಡಿಕೊಂಡನಂತೆ. ಅವನ ಕಡತವನ್ನು ನೋಡಿಕೊಂಡವನೂ ಗುರುದತ್ತನೇ. ಆಲ್ರಾಯ್‌ನನ್ನು ಮಾತ್ರ ಟರ್ಮಿನ ನಡುವೆ ಏಕೆ ಕೈಬಿಟ್ಟರೋ ತನಗೆ ಅರ್ಥವಾಗಲಿಲ್ಲ ಎಂದು ಡ್ಯಾರೆನ್ ಅತ್ತ.

ಅಂದಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ನನ್ನ ಮಗನ ಬಾಯಿಂದ ಅನ್ನವನ್ನು ಕಿತ್ತವನು ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ದೇವರು ನನ್ನನ್ನು ಕರೆಯಬಾರದು. ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋದಾಗ ಇದನ್ನೇ ಹೇಳಿದೆ. ನಮ್ಮ ಕಡೆಯವರೇ ಆದ ಫಾದರ್ ಓಲ್ವಿನ್, ದ್ವೇಷ ನಿಮ್ಮನ್ನೇ ಸುಡುತ್ತದೆ, ಪರಲೋಕ ಮಂತ್ರವನ್ನು ನಿಧಾನವಾಗಿ ಹೇಳಿಕೊಳ್ಳಿ ಎಂದರು. ಹೇಳಿಕೊಂಡೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಎಂಬ ಅದರ ಸಾಲು ಬಂದಾಗ ಬಾಯಿ ಮುಚ್ಚಿ, ಮುಂದಿನ ಸಾಲಿನಿಂದ ಮತ್ತೆ ಸೇರಿಕೊಂಡೆ.

ದಾರಿ ತಾನಾಗಿ ಬಂತು. ಚಳಿಗಾಲ ಕಳೆದ ಮೇಲೆ ಒಂದು ಸಂಜೆ ಗುರುದತ್ತನೇ ಫೋನ್ ಮಾಡಿದ. ಕಾಲೇಜಿನವರು ಮಾಜಿ ಸೈನಿಕರಿಗಾಗಿ ಆಲ್ರಾಯ್ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಶುರು ಮಾಡುತ್ತಾರೆ, ಮನೆಯವರ ಒಪ್ಪಿಗೆ ಬೇಕು, ತಾಯಿಯೇ ಬಂದು ನಾಮಫಲಕದ ಪರದೆ ಸರಿಸಬೇಕು ಎಂದ.

"ನಂದೇ ಐಡಿಯಾ, ಆಂಟಿ. ನನಗೂ ಸ್ವಲ್ಪ ಸಮಾಧಾನ ಆಗ್ಬೇಕಲ್ಲ."

ಅವನಿಗೆ ಸಮಾಧಾನ ಬೇಕಂತೆ. ನಾನು ಸ್ವರ ಏರಿಸಲಿಲ್ಲ. ಬರುತ್ತೇನೆ, ಆದರೆ ನನಗೂ ಎರಡು ಮಾತು ಆಡಲಿಕ್ಕೆ ಬಿಡಬೇಕು ಎಂದೆ. ಖಂಡಿತ ಆಂಟಿ, ಎಲ್ಲರಿಗೂ ಖುಷಿಯಾಗುತ್ತೆ ಎಂದ.

ಲವಿನಾ ನನ್ನ ಮುಖ ನೋಡಿ, "ಮಮ್ಮಿ, ಅಲ್ಲಿ ಹೋಗಿ ಎಂತ ಮಾಡ್ತಿ?" ಎಂದಳು. ಪರದೆ ಸರಿಸುತ್ತೇನೆ ಎಂದೆ. ಅವಳು ನಂಬಲಿಲ್ಲ; ರಜೆ ಹಾಕಿ ಜೊತೆಗೆ ಬಂದಳು.

ಕಾಲೇಜಿನ ಸಭಾಂಗಣದ ಹೊರಗೆ ಗುರುದತ್ತ ಕೋಟು ಹಾಕಿಕೊಂಡು ಕಾಯುತ್ತಿದ್ದ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವನು. ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಆಶೀರ್ವಾದ ಮಾಡಲಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲಿ ಅವನನ್ನು ಕೂರಿಸಿಕೊಂಡು ಕೇಳಿದೆ: ಡ್ಯಾರೆನ್‌ನ ನೆರವನ್ನು ಟರ್ಮ್ ಮುಗಿಯುವವರೆಗೆ ಮುಂದುವರಿಸಿದಿರಿ, ನನ್ನ ಮಗನದ್ದನ್ನು ಏಕೆ ನಿಲ್ಲಿಸಿದಿರಿ?

ಅವನು ಅತ್ತಿತ್ತ ನೋಡಿದ. ಅದು ಹಾಗಲ್ಲ ಆಂಟಿ ಎಂದ. ಮತ್ತೆ ಹೇಗೆ ಎಂದೆ. ತಲೆ ತಗ್ಗಿಸಿ, ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಹೇಳಿದ.

"ಟರ್ಮ್ ಎಂಡ್‌ವರೆಗೂ ನಿಲ್ಲಿಸದೆ ಬಿಡೋದು ನಮ್ಮ ಡಿಸ್ಕ್ರೆಶನ್, ಆಂಟಿ. ಡ್ಯಾರೆನ್‌ಗೆ ಬಿಟ್ರೆ ಯಾರೂ ಕೇಳಲ್ಲ. ಆಲ್ರಾಯ್ ನಮ್ಮವನು. ಸಂಘದಲ್ಲಿ ಒಂದೇ ಟೇಬಲ್‌ನಲ್ಲಿ ಊಟ ಮಾಡ್ತಿದ್ವಿ, ಫೋಟೋ ಎಲ್ಲ ಇತ್ತು. ಇಂಡಿಯನ್ಸು ಇಂಡಿಯನ್ಸಿಗೆ ಫೇವರ್ ಮಾಡ್ತಾರೆ ಅಂತ ಒಬ್ಬ ಅಂದಿದ್ರೂ ನನ್ನ ಕತೆ ಮುಗೀತಿತ್ತು. ಆಗ ನಂಗಿನ್ನೂ ಪಿಆರ್ ಬಂದಿರಲಿಲ್ಲ, ಕೆಲಸ ಹೋದ್ರೆ ದೇಶಾನೇ ಬಿಡಬೇಕಿತ್ತು."

"ಅಂದರೆ ನಮ್ಮವನು ಅಂತಲೇ ಅವನಿಗೆ ಕೊಡಲಿಲ್ಲ."

"ರೂಲ್ ಇತ್ತಲ್ಲ, ಆಂಟಿ."

"ಡ್ಯಾರೆನ್‌ಗೂ ಅದೇ ರೂಲ್ ಇತ್ತಲ್ಲ, ಮಗಾ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಸಭೆ ತುಂಬಿತ್ತು. ಪದಕ ಧರಿಸಿದ ಮುದುಕರು, ವಿದ್ಯಾರ್ಥಿಗಳು, ಮುಂದಿನ ಸಾಲಿನಲ್ಲಿ ಹಣ ಕೊಟ್ಟ ದೊಡ್ಡವರು. ಹಿಂದಿನ ಸಾಲಿನಲ್ಲಿ ಡ್ಯಾರೆನ್ ಕೂತಿದ್ದ. ಪ್ರಿನ್ಸಿಪಾಲರು ಒಬ್ಬ ಬಿಳಿಯ ಹೆಂಗಸು. ಆಲ್ರಾಯ್‌ನನ್ನು ತಮ್ಮ ಕಾಲೇಜಿನ ಮಗ ಎಂದರು. ಈ ಯೋಜನೆಗೆ ಕಾರಣನಾದ ಗುರುದತ್ತನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ನಾನು ಪರದೆಯನ್ನು ಸರಿಸಿದೆ. ಹಿತ್ತಾಳೆಯ ಹಲಗೆಯ ಮೇಲೆ ನನ್ನ ಮಗನ ಹೆಸರು ಹೊಳೆಯಿತು. ಅದನ್ನು ನೋಡಿದಾಗ ನನ್ನೊಳಗೆ ಏನಾದರೂ ಮೆತ್ತಗಾದೀತೆಂದು ಹೆದರಿದ್ದೆ. ಆಗಲಿಲ್ಲ.

ತರಗತಿಯ ಮುಂದೆ ನಿಂತು ಬದುಕಿದವಳಿಗೆ ಸಭೆಯ ಭಯವಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ ಪ್ರಿನ್ಸಿಪಾಲರನ್ನು ಒಂದು ಪ್ರಶ್ನೆ ಕೇಳಿದೆ. ನನ್ನ ಮಗ ಇಂದು ಬದುಕಿ ಈ ಸಭೆಯಲ್ಲಿ ಕೂತಿದ್ದರೆ, ಸರಕಾರದ ನೆರವು ಪಡೆಯುತ್ತಿದ್ದ ಅವನಿಗೆ ಈ ವಿದ್ಯಾರ್ಥಿವೇತನ ಸಿಗುತ್ತಿತ್ತೇ?

ಪ್ರಿನ್ಸಿಪಾಲರು ನಗುತ್ತಲೇ ಗುರುದತ್ತನ ಕಡೆ ನೋಡಿದರು. ಅವನು ನಿಧಾನವಾಗಿ ಎದ್ದ. ನಿಯಮದ ಪ್ರಕಾರ ಇದರಿಂದಲೂ ಆ ನೆರವನ್ನು ಕಳೆಯಬೇಕಾಗುತ್ತದೆ, ಕಳೆದರೆ ಏನೂ ಉಳಿಯುವುದಿಲ್ಲ ಎಂದ. ಹಾಗಾದರೆ ಗಾಯಗೊಂಡ ಯಾವ ಸೈನಿಕನಿಗೆ ಇದು ಸಿಗುತ್ತದೆ ಎಂದೆ. ಪದಕ ಧರಿಸಿದ ಮುದುಕರಲ್ಲಿ ಒಬ್ಬರು ಗಟ್ಟಿಯಾಗಿ ನಕ್ಕರು. ಸಂತೋಷದ ನಗೆಯಲ್ಲ ಅದು.

ನಾನು ಗುರುದತ್ತನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ. "ಈಗ ಹೊರಗೆ ನನ್ನ ಹತ್ತಿರ ಹೇಳಿದ್ದನ್ನು ಇವರಿಗೆ ಇಂಗ್ಲಿಷಿನಲ್ಲಿ ಹೇಳು."

"ಆಂಟಿ, ಪ್ಲೀಸ್. ಕೆಲಸ ಹೋಗುತ್ತೆ. ಮನೇಲಿ ಮಗು ಇದೆ."

"ನನ್ನ ಮನೆಯಲ್ಲೂ ಇತ್ತು."

ಲವಿನಾ ನನ್ನ ಸೆರಗನ್ನು ಹಿಡಿದು ಎಳೆದಳು. ನಾನು ಕದಲಲಿಲ್ಲ. ತಾನು ಹೇಳದಿದ್ದರೆ ನಾನು ಹೇಳುತ್ತೇನೆಂದು ಅವನಿಗೆ ಗೊತ್ತಿತ್ತು. ಅವನು ಹೇಳಿದ. ಮೊದಲು ತಡವರಿಸಿದ, ಆಮೇಲೆ ಒಂದೇ ಉಸಿರಿನಲ್ಲಿ, ಅಂಗಿಯ ಗುಂಡಿಯನ್ನು ತಿರುವುತ್ತ, ಎಲ್ಲವನ್ನೂ ಹೇಳಿದ. ಟರ್ಮ್ ಮುಗಿಯುವವರೆಗೆ ಬಿಡುವ ಅಧಿಕಾರ ತನಗಿತ್ತು, ಉಳಿದವರಿಗೆ ಬಿಟ್ಟೆ, ತನ್ನ ನಾಡಿನವನಾದ್ದರಿಂದ ಆಲ್ರಾಯ್‌ಗೆ ಬಿಡಲಿಲ್ಲ ಎಂದ. ಸಂಘದ ಊಟದಲ್ಲಿ ಕೇಳಿದ್ದನ್ನೇ ಆಫೀಸಿಗೆ ತಂದೆ ಎಂದ. ನಾನು ಕೇಳದ ಇನ್ನೊಂದನ್ನೂ ಹೇಳಿದ: ಆಲ್ರಾಯ್ ಒಮ್ಮೆ ಆಫೀಸಿಗೆ ಬಂದು, ಟರ್ಮ್ ಮುಗಿಯುವವರೆಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದ್ದನಂತೆ. ಆಗುವುದಿಲ್ಲ ಎಂದು ಇವನೇ ಹೇಳಿ ಕಳಿಸಿದ್ದನಂತೆ.

ಅದು ನನಗೆ ಗೊತ್ತಿರಲಿಲ್ಲ. ನನ್ನ ಮಗ ಯಾರ ಮುಂದೆಯೂ ಕೈ ಚಾಚಿದವನಲ್ಲ.

ಪ್ರಿನ್ಸಿಪಾಲರು ಸಭೆಯನ್ನು ನಿಲ್ಲಿಸೋಣವೆಂದರು. ನಿಲ್ಲಿಸಿ, ಆದರೆ ಆ ಹೆಸರು ನನ್ನದು, ಕೊಂಡುಹೋಗುತ್ತೇನೆ ಎಂದೆ. ಡ್ಯಾರೆನ್ ಹಿಂದಿನಿಂದ ಎದ್ದು ಬಂದ. ಜೇಬಿನ ಚಾಕುವಿನಿಂದ ಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಯಾರೂ ತಡೆಯಲಿಲ್ಲ. ಅಷ್ಟು ಹೊತ್ತೂ ಗುರುದತ್ತ ಎಲ್ಲರ ನಡುವೆ ನಿಂತೇ ಇದ್ದ. ಅವನಿಗೆ ಕೂರಲು ಹೇಳುವವರಿರಲಿಲ್ಲ. ನಾನು ಅವನನ್ನು ಕಣ್ತುಂಬ ನೋಡಿದೆ.

ಅವನನ್ನು ಕೆಲಸದಿಂದ ತೆಗೆದರೆಂದು ಆಮೇಲೆ ತಿಳಿಯಿತು. ಅವನ ಹೆಂಡತಿ ರುದ್ರಾಣಿ ಫೋನ್ ಮಾಡಿ, ಪ್ರಿನ್ಸಿಪಾಲರಿಗೆ ನೀವು ಒಂದು ಮಾತು ಹೇಳಿದರೆ ಸಾಕು, ನಿಮ್ಮ ಮಗಳೆಂದು ತಿಳಿಯಿರಿ ಎಂದು ಅತ್ತಳು. ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟೆ.

"ಇನ್ನು ಸಾಕಲ್ವಾ, ಮಮ್ಮಿ?" ಎಂದಳು ಲವಿನಾ.

ಸಾಲದು ಎಂದೆ. ಬೇಕೆಂದದ್ದು ಸಿಕ್ಕಿತ್ತು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದವನು ಸಭೆಯಲ್ಲಿ ನಿಂತ ಗುರುದತ್ತನಲ್ಲ. ಆಫೀಸಿನ ಬಾಗಿಲಲ್ಲಿ ಕುಂಟುಗಾಲಿನಲ್ಲಿ ನಿಂತು ಕೇಳುತ್ತಿದ್ದ ನನ್ನ ಮಗ. ಅವನನ್ನು ಆ ಬಾಗಿಲಿನಿಂದ ಕರೆದು ತರಲು ನನ್ನಿಂದಾಗಲಿಲ್ಲ.

ನವೆಂಬರಿನಲ್ಲಿ ಸತ್ತವರ ಸ್ಮರಣೆಯ ದಿನ ಬಂತು. ಫಾದರ್ ಓಲ್ವಿನ್ ಗೋರಿಗಳಿಗೆ ಪವಿತ್ರ ಜಲ ಚಿಮುಕಿಸುತ್ತ ಸಾಲಿನಿಂದ ಸಾಲಿಗೆ ಹೋದರು. ಲವಿನಾ ಮೇಣದ ಬತ್ತಿ ಹಚ್ಚಿ ಗಾಳಿಗೆ ಕೈ ಅಡ್ಡ ಹಿಡಿದಳು. ನಾನು ಮೊಣಕಾಲೂರಿ, ನನ್ನ ಮಾತಿನಲ್ಲಿಯೇ ಬೇಡಿಕೊಂಡೆ.

ಕರ್ತನೇ, ನನ್ನ ಆಲ್ರಾಯ್ ಯಾರ ಮೇಲೂ ಕೋಪವಿಟ್ಟುಕೊಂಡು ಬಂದವನಲ್ಲ. ಅವನ ಹೆಸರಿನಲ್ಲಿ ಇಲ್ಲಿ ನಡೆದದ್ದೆಲ್ಲ ನನ್ನದು. ಅದನ್ನು ಅವನ ಪಾಲಿಗೆ ಬರೆಯಬೇಡ, ನಾನು ಬಂದಾಗ ನನ್ನನ್ನೇ ಕೇಳು. ಅವನು ಬಹಳ ದಣಿದಿದ್ದಾನೆ, ಸ್ವಾಮಿ. ನಿನ್ನ ಬಾಗಿಲಲ್ಲಿ ಅವನನ್ನು ನಿಲ್ಲಿಸಿ ಏನನ್ನೂ ಕೇಳಬೇಡ. ಒಳಗೆ ಕರೆದುಕೋ, ಊಟ ಕೊಡು, ಆ ಕಾಲು ನೋಯದ ಹಾಗೆ ಮಲಗಿಸು. ಅವನ ನಿದ್ದೆಗೆ ಯಾರೂ ಅಡ್ಡಿ ಬಾರದಿರಲಿ, ನಾನೂ ಕೂಡ. ಆಮೆನ್.