ಮೂರು ಸಲ ಕೂಗುವ ಜಂಬಯ್ಯ

ಯಾರ ಹೆಸರನ್ನೇ ಆಗಲಿ, ಮೂರು ಸಲ ಕೂಗದೆ ಜಂಬಯ್ಯ ಹೊಡೆದುಹಾಕುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುವ ಮೊದಲು ಎದ್ದು ಬಾಗಿಲಿಗೆ ಬಂದು, ಖಾಲಿ ಪಡಸಾಲೆಯತ್ತ ಮುಖ ಮಾಡಿ, ‘ಸುಮಲತಾ’ ಎಂದು ಮೂರು ಬಾರಿ ಕೂಗಿ, ಕೂಗಿಗೂ ಕೂಗಿಗೂ ನಡುವೆ ಉತ್ತರ ಬರುವಷ್ಟು ಹೊತ್ತು ಬಲಗಿವಿಯನ್ನು ಆಚೆಗೆ ಕೊಟ್ಟು ನಿಲ್ಲುತ್ತಿದ್ದ. ಆ ಹುಡುಗಿ ಮದುವೆಯಾಗಿ ಹಡಗಲಿಗೆ ಹೋಗಿ ತಿಂಗಳಾಯಿತೆಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿದರೂ ಅವನ ಕೂಗು ತಪ್ಪುತ್ತಿರಲಿಲ್ಲ.

ಕೊಟ್ಟೂರಿನಲ್ಲಿ ಆಗ ಒಂದು ಖಾಸಗಿ ಕಾಲೇಜಿತ್ತು, ಈಗಿಲ್ಲ. ನಾನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ, ಜಂಬಯ್ಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಲ್ಯಾಬಿಗೆ ಏಸಿ ಹಾಕಿಸಿದ ದಿನದಿಂದ ಅವನೊಂದು ಕಂದು ಬಣ್ಣದ ಉಣ್ಣೆಯ ಸ್ವೆಟರ್ ತೊಟ್ಟಿದ್ದ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಅದನ್ನೇ ತೊಟ್ಟು ಸಂತೆಗೆ ಹೋಗಿ ಬದನೆಕಾಯಿ ಆರಿಸುವುದನ್ನು ನಾನೇ ಕಂಡಿದ್ದೇನೆ. ತಲೆಯನ್ನು ಸದಾ ಬಲಕ್ಕೆ ವಾಲಿಸಿಕೊಂಡು, ಹಿಂದಿನಿಂದ ಯಾರೋ ಕರೆದಂತೆ ಹೆಜ್ಜೆಹೆಜ್ಜೆಗೂ ತಡೆದು ತಡೆದು ನಡೆಯುವವನು. ಯಾರೇನು ಹೇಳಿದರೂ ‘ಹಂಗಂತೀರಾ?’ ಎನ್ನುವನು. ಅದು ಒಪ್ಪಿಗೆಯೋ ಅನುಮಾನವೋ, ಹನ್ನೆರಡು ವರ್ಷ ಜೊತೆಗಿದ್ದರೂ ನನಗೆ ಬಗೆಹರಿಯಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಮಾತು. ಲ್ಯಾಬಿನಲ್ಲಿ ಎರಡು ಸರ್ವರುಗಳಿದ್ದವು. ಕಾಲೇಜಿನ ಪ್ರತಿ ಕಂಪ್ಯೂಟರಿನ, ಪ್ರತಿ ವಿದ್ಯಾರ್ಥಿಯ ಹೆಸರಿದ್ದ ಡೈರೆಕ್ಟರಿ ಎಂಬ ಪಟ್ಟಿಯ ಒಂದೊಂದು ಪ್ರತಿ ಎರಡರಲ್ಲೂ ಇರುತ್ತಿತ್ತು. ನಮ್ಮಲ್ಲಿ ಫ್ಯಾನಿನ ರೆಕ್ಕೆಗೂ ದಾನಿಗಳ ಹೆಸರು ಬರೆಸುವುದುಂಟಷ್ಟೆ. ಮೊದಲ ಸರ್ವರನ್ನು ಕೊಡಿಸಿದವರು ಆಡಳಿತ ಮಂಡಳಿ ಅಧ್ಯಕ್ಷರ ತಾಯಿ ಕೊಟ್ರಬಸಮ್ಮನವರಾದ್ದರಿಂದ ಅದಕ್ಕೆ ಕೊಟ್ರಬಸಮ್ಮ ಎಂದೇ ಹೆಸರಿಟ್ಟರು. ಎರಡನೆಯದಕ್ಕೆ ದಾನಿಗಳು ಸಿಗದೆ ಅದು ಬರೀ ‘ಎರಡು’ ಆಗಿ ಉಳಿಯಿತು.

ಒಂದು ಸಂಜೆ ಸಿಡಿಲಿಗೆ ಕೊಟ್ರಬಸಮ್ಮ ಸುಟ್ಟುಹೋಯಿತು. ಎಂಜಿನಿಯರ್ ಬಂದು ಅದನ್ನು ಹೊಸಪೇಟೆಗೆ ಹೊತ್ತೊಯ್ದ. ಆದರೆ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿದ್ದರಿಂದ, ಕಂಪ್ಯೂಟರುಗಳು ಪ್ರತಿ ಬೆಳಿಗ್ಗೆ ಮೊದಲು ಕೊಟ್ರಬಸಮ್ಮನನ್ನೇ ವಿಚಾರಿಸಲು ಹೋಗಿ, ಉತ್ತರಕ್ಕಾಗಿ ಕಾದು ಕಾದು, ಇಪ್ಪತ್ತು ನಿಮಿಷದ ಮೇಲೆ ‘ಎರಡು’ ಎಂಬುದರ ಬಾಗಿಲಿಗೆ ಬರುತ್ತಿದ್ದವು. ಬರುವ ಸೋಮವಾರ ಅರವತ್ತು ಮಂದಿಗೆ ಪ್ರಾಯೋಗಿಕ ಪರೀಕ್ಷೆ, ಅದೂ ಒಂದೇ ಗಂಟೆಯದು. ಜಂಬಯ್ಯ ಪ್ರಿನ್ಸಿಪಾಲರಿಗೆ ಚೀಟಿ ಬರೆದ: ‘ಕೊಟ್ರಬಸಮ್ಮ ಹೋಗಿ ಎಂಟು ದಿನವಾಯಿತು. ಪಟ್ಟಿಯಿಂದ ಹೆಸರು ತೆಗೆಯಲು ಅಪ್ಪಣೆ ಬೇಡುತ್ತೇನೆ.’ ಅಂದು ಬೆಳಿಗ್ಗೆಯಷ್ಟೇ ಆ ತಾಯಿಯ ಮನೆಯಲ್ಲಿ ಮಂಡಕ್ಕಿ ತಿಂದು ಬಂದಿದ್ದ ಪ್ರಿನ್ಸಿಪಾಲರು ಚೀಟಿಯನ್ನು ಎರಡು ಸಲ ಓದಿ, ಬೆವರಿ, ಹರಿದುಹಾಕಿದರು. ಅಧ್ಯಕ್ಷರ ಕಣ್ಣಿಗೆ ಬಿದ್ದಿದ್ದರೆ ನಮ್ಮೆಲ್ಲರ ಹೆಸರೂ ಹೋಗುತ್ತಿತ್ತು ಎಂದು ಗದರಿ, ಬಾಯಿಮಾತಿನಲ್ಲಿ ಅಪ್ಪಣೆ ಕೊಟ್ಟರು.

ಶುಕ್ರವಾರ ಹೊಸಪೇಟೆಯಿಂದ ಫೋನೂ ಬಂತು. ಅದು ಸತ್ತಿದೆ, ಇನ್ನು ಏಳುವುದಿಲ್ಲ, ಹೆಸರು ತೆಗೆದುಬಿಡಿ ಎಂದ ಎಂಜಿನಿಯರ್. ಜಂಬಯ್ಯ ಪದ್ಧತಿಯಂತೆ ಕೂಗಿ ನೋಡಿದ. ಕಂಪ್ಯೂಟರುಗಳಿಗೂ ಕೂಗುವ ವಿಧಾನವೊಂದಿದೆಯಂತೆ. ಒಂದೊಂದಕ್ಕೂ ಒಂದೊಂದು ನಂಬರ್, ಅದನ್ನು ಒತ್ತಿದರೆ, ಬದುಕಿದ್ದರೆ ಓಗೊಡುತ್ತದೆ. ಕೊಟ್ರಬಸಮ್ಮ ಓಗೊಟ್ಟಿತು. ಮೂರು ಸಲ ಕೂಗಿದರೆ ಮೂರು ಸಲವೂ ಓಗೊಟ್ಟಿತು. ಹೆಣ ಹೊಸಪೇಟೆಯಲ್ಲಿ, ದನಿ ಕೊಟ್ಟೂರಿನಲ್ಲಿ. ನನಗಂತೂ ತಲೆಬುಡ ತಿಳಿಯಲಿಲ್ಲ. ಬದುಕಿರುವ ಸರ್ವರಿನ ಹೆಸರು ತೆಗೆದರೆ ಪಟ್ಟಿಯೇ ಒಡೆದು ಅರವತ್ತು ಮಕ್ಕಳೂ ಹೊರಗುಳಿಯುತ್ತಾರೆ, ತೆಗೆಯದಿದ್ದರೆ ಪರೀಕ್ಷೆಯ ಹೊತ್ತು ಕಾಯುವುದರಲ್ಲೇ ಕಳೆಯುತ್ತದೆ ಎಂದು ಅವನು ಸ್ವೆಟರಿನ ತುದಿ ಹಿಂಡುತ್ತ ಕುಳಿತ. ಶನಿವಾರವೂ ಹಾಗೇ ಕಳೆಯಿತು. ನನಗೆ ಸಿಟ್ಟು ಬಂತು. ತಿಳಿದವನೇ ಸತ್ತಿದೆ ಎಂದಮೇಲೆ ನಿನ್ನದೇನಯ್ಯ ರಗಳೆ ಎಂದು ರೇಗಿದೆ.

ಆಗ ಅವನು ಗಾದೆಮ್ಮನ ವಿಷಯ ಹೇಳಿದ. ಹತ್ತು ವರ್ಷದ ಹಿಂದೆ ಅವನು ದಿನಗೂಲಿಯ ಮೇಲೆ ಮತದಾರರ ಪಟ್ಟಿ ತಿದ್ದುತ್ತಿದ್ದನಂತೆ. ಚಿಗಟೇರಿಯ ಒಂದೇ ಓಣಿಯಲ್ಲಿ ಇಬ್ಬರು ಗಾದೆಮ್ಮಂದಿರು, ಇಬ್ಬರ ಗಂಡಂದಿರೂ ಮೈಲಪ್ಪ. ಒಬ್ಬಳು ತೀರಿಕೊಂಡಳು. ಇವನು ಇನ್ನೊಬ್ಬಳ ಹೆಸರು ಹೊಡೆದ. ಮತದಾನದ ದಿನ ಸರದಿಯಿಂದ ಅವಳನ್ನು ಹಿಂದಕ್ಕೆ ಕಳಿಸಿದರು. ಮರುದಿನ ಅವಳು ಇವನ ಮೇಜಿನ ಮುಂದೆ ಬಂದು ನಿಂತಳು.

‘ನಾ ಸತ್ತಿಲ್ಲಪ್ಪ. ಕೂಗಿದ್ರ ಓ ಅಂತಿದ್ದೆ. ನೀ ಕೂಗ್ಲೇ ಇಲ್ಲ.’

ಹೆಸರು ಮತ್ತೆ ಪಟ್ಟಿಗೆ ಸೇರಲು ವರ್ಷದ ಮೇಲಾಯಿತು. ಸೇರುವ ಹೊತ್ತಿಗೆ ಗಾದೆಮ್ಮ ನಿಜವಾಗಿಯೂ ತೀರಿಕೊಂಡಿದ್ದಳು. ತೆಗೆಯಲು ಮತ್ತೆ ಇವನನ್ನೇ ಕಳಿಸಿದರು.

‘ಬೀಗ ಹಾಕಿದ ಮನಿ ಮುಂದ ನಿಂತು ಮೂರು ಸಲ ಕೂಗಿದೆ, ಮೇಷ್ಟ್ರ. ಬಾಜೂ ಮನಿಯವ್ರು ಆಕಿ ಇಲ್ರಿ ಅಂದ್ರು. ನನಗ ಗೊತ್ತಿತ್ತು. ಆದ್ರೂ ಕೂಗಬೇಕಿತ್ತು.’

ರೇಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ಭಾನುವಾರ ನನ್ನನ್ನು ಪರದೆಯ ಮುಂದೆ ಕೂರಿಸಿ, ಓಗೊಡುವುದು ನಿಂತರೆ ಹೇಳಿರೆಂದು, ಕಾಲೇಜಿನ ಒಂದೊಂದೇ ವೈರು ಕಿತ್ತು ನೋಡುತ್ತ ಹೊರಟ. ಮಧ್ಯಾಹ್ನದ ಹೊತ್ತಿಗೆ ದನಿ ನಿಂತಿತು. ಕೂಗಿಕೊಂಡು ಓಡಿದೆ. ಜಂಬಯ್ಯ ಆಫೀಸಿನ ಮೇಜಿನ ಕೆಳಗೆ ಹೊಸ ಪ್ರಿಂಟರಿನ ವೈರು ಹಿಡಿದು ಕುಳಿತಿದ್ದ. ಪ್ರಿಂಟರ್ ಜೋಡಿಸಲು ಬಂದವನು ಯಾವುದೋ ನಂಬರ್ ಖಾಲಿ ಇದೆಯೆಂದು ಕೊಟ್ರಬಸಮ್ಮನ ನಂಬರನ್ನೇ ಅದಕ್ಕೆ ಕೊಟ್ಟು ಹೋಗಿದ್ದ. ಮೂರು ದಿನ ನಮಗೆ ಓಗೊಟ್ಟಿದ್ದು ಆ ಪ್ರಿಂಟರ್.

ಪ್ರಿಂಟರಿಗೆ ಬೇರೆ ನಂಬರ್ ಕೊಟ್ಟು ಬಂದು, ಅವನು ಮತ್ತೆ ಮೂರು ಸಲ ಕೂಗಿದ. ಉತ್ತರ ಬರಲಿಲ್ಲ. ಬಾಯಿಬಿಟ್ಟೂ ‘ಕೊಟ್ರಬಸಮ್ಮ’ ಎಂದು ಮೆಲ್ಲಗೆ ಕರೆದು, ಕಿವಿಗೊಟ್ಟು ನಿಂತು, ಆಮೇಲೆ ಹೆಸರು ತೆಗೆದ. ಸೋಮವಾರ ಅರವತ್ತು ಕಂಪ್ಯೂಟರುಗಳೂ ನಿಮಿಷದೊಳಗೆ ತೆರೆದುಕೊಂಡವು.

ಐದು ವರ್ಷದ ಮೇಲೆ ನಾನು ನಿವೃತ್ತನಾದ ಸಂಜೆ ಜಂಬಯ್ಯ ಲ್ಯಾಬಿಗೆ ಕರೆದೊಯ್ದು, ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕೆಂದ. ತೆಗಿ ಎಂದೆ. ಎದುರಿಗೇ ನಿಂತಿದ್ದ ನನ್ನನ್ನು ಅವನು ‘ಹಾಲಸ್ವಾಮಿ ಮೇಷ್ಟ್ರ’ ಎಂದು ಕೂಗಿದ. ಮೊದಲ ಸಲ ತಮಾಷೆಗೆ ಸುಮ್ಮನಿದ್ದೆ. ಎರಡನೆಯ ಸಲ ಕೂಗಿ ಅವನು ಬಲಗಿವಿಯನ್ನು ನನ್ನತ್ತ ಕೊಟ್ಟು ನಿಂತ. ಮೂರನೆಯ ಸಲ ನನಗರಿವಿಲ್ಲದೆ ‘ಓ’ ಎಂದೆ.

‘ಹಂಗಂತೀರಾ?’ ಎಂದು ಅವನು ಕೀಲಿಮಣೆಯಿಂದ ಕೈ ತೆಗೆದ.

ಆ ಹೆಸರು ಕಾಲೇಜು ಮುಚ್ಚುವವರೆಗೂ ಅಲ್ಲೇ ಇತ್ತಂತೆ. ಇಂಥವರನ್ನು ನಾವು ನಿಧಾನಿಗಳೆಂದು, ರಗಳೆಯವರೆಂದು ಆಡಿಕೊಳ್ಳುತ್ತೇವೆ, ನಾನೂ ಆಡಿಕೊಂಡಿದ್ದೇನೆ. ಪಟ್ಟಿಗಳೇ ಲೋಕವನ್ನು ಆಳುವ ಈ ಕಾಲದಲ್ಲಿ ಹೆಸರು ಬರೆಯುವವರೂ ಅಳಿಸುವವರೂ ಬೇಕಾದಷ್ಟು ಮಂದಿ ಇದ್ದಾರೆ. ಅಳಿಸುವ ಮೊದಲು ಬಾಗಿಲಿಗೆ ಬಂದು ಕೂಗಿ, ನಮ್ಮ ಉತ್ತರಕ್ಕೆಂದು ಒಂದು ಗಳಿಗೆ ಕಾಯುವವರು ಮಾತ್ರ ಇಂಥವರೇ.