ನೆರಳು ಕತ್ತರಿಸುವ ಟೀಚರ್

ಮೇ ಹದಿನೈದು, ಕೊರಿಯಾದಲ್ಲಿ ಶಿಕ್ಷಕರ ದಿನ. ಹಳೆಯ ಟೀಚರನ್ನು ಕರೆದು, ಎದೆಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿ, ಊಟ ಹಾಕುವ ದಿನ. ರಾನ್‌ಹಿ ಬೇಕೆಂದೇ ಆ ದಿನವನ್ನು ಆರಿಸಿಕೊಂಡಿದ್ದಳು. ಹೂವನ್ನೂ ಅವಳೇ ತಂದಿದ್ದಳು. ಸಿಕ್ಕಿಸುವ ಪಿನ್ನನ್ನು ಮಾತ್ರ ಗೆಳತಿ ಗುಮ್‌ಜುವಿಗೆ ಕೊಟ್ಟಳು.

ಮೊಕ್‌ಪೊ ಬಂದರಿನ ಹಿಂದಿನ ಓಣಿಯಲ್ಲಿ ಗುಮ್‌ಜುವಿನದೊಂದು ಪುಟ್ಟ ಹೋಟೆಲು. ಅದಕ್ಕೆ ರಜೆ ಇದ್ದ ದಿನ ತಿಂಗಳಿಗೊಮ್ಮೆ ಮೂವರು ಗೆಳತಿಯರು ಅಲ್ಲಿ ಸೇರುತ್ತಿದ್ದರು: ಗುಮ್‌ಜು, ಔಷಧಿ ಅಂಗಡಿಯ ಹ್ಯೆರಿಮ್, ರಾನ್‌ಹಿ. ಮೂವರೂ ಒಂದೇ ತರಗತಿಯಲ್ಲಿ ಓದಿದವರು, ಈಗ ನಲವತ್ತರ ಅಂಚಿನವರು. ಸೇರುತ್ತಿದ್ದುದು ಹುಡುಗಿಯರಾಗಿದ್ದಾಗ ಹುಚ್ಚು ಹತ್ತಿಸಿದ್ದ ‘ಆಮೆ ಬೆನ್ನಿನ ಶಾಲೆ’ಯನ್ನು ಮತ್ತೆ ಓದುವುದಕ್ಕೆ. ಒಟ್ಟು ಎಂಟು ಪುಸ್ತಕ, ತಿಂಗಳಿಗೊಂದು. ಸಮುದ್ರದಲ್ಲಿ ತೇಲುವ ಆಮೆಯೊಂದರ ಬೆನ್ನ ಮೇಲಿನ ಮಾಯದ ಶಾಲೆ ಅದು. ಮೂವರ ಜಗಳವೆಲ್ಲ ಅಲ್ಲಿನ ಟೀಚರುಗಳ ಬಗ್ಗೆಯೇ. ಅದರಲ್ಲೂ ನೆರಳು ಕತ್ತರಿಸುವ ಟೀಚರ್ ಬಗ್ಗೆ. ತಪ್ಪು ಮಾಡಿದ ಮಗುವಿನ ನೆರಳನ್ನು ಕತ್ತರಿಯಿಂದ ಕತ್ತರಿಸಿ ಬೀರುವಿನಲ್ಲಿಟ್ಟು ಬೀಗ ಹಾಕುವವಳು ಅವಳು.

ಎಂಟನೆಯ ಪುಸ್ತಕದ ಸರದಿ ಹತ್ತಿರ ಬಂದಾಗ ರಾನ್‌ಹಿ, “ನಮ್ಮ ಶಾಲೆಯ ಪ್ಯೊ ಟೀಚರನ್ನೂ ಕರೆಯೋಣ” ಎಂದಿದ್ದಳು.

“ತಲೆ ಕೆಟ್ಟಿದೆಯೇನೇ ನಿಂಗೆ? ಆ ಹೆಂಗಸು ನಿನ್ನ ಗತಿ ಏನು ಮಾಡಿದ್ಲು, ಮರೆತೋಯ್ತಾ?” ಎಂದಳು ಗುಮ್‌ಜು.

“ಮರೆತಿಲ್ಲ, ಅದಕ್ಕೇ.”

ಮೂವರೂ ಓದಿದ ಶಾಲೆಯಲ್ಲಿ ಹೆಸರಿಗಿಂತ ಹಾಜರಿ ನಂಬರೇ ದೊಡ್ಡದಾಗಿತ್ತು. ಪ್ಯೊ ಟೀಚರ್ ತಾರೀಖು ನೋಡಿ ಪ್ರಶ್ನೆ ಕೇಳುತ್ತಿದ್ದರು. ಇವತ್ತು ಏಳನೇ ತಾರೀಖೆಂದರೆ ಮೊದಲು ಏಳನೇ ನಂಬರು, ಆಮೇಲೆ ಹದಿನೇಳು, ಇಪ್ಪತ್ತೇಳು. ತನ್ನ ತಾರೀಖಿನ ದಿನ ಎಂಥ ಹುಡುಗಿಯೂ ಪಾಠ ಓದಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ರಾನ್‌ಹಿಯ ನಂಬರು ಹದಿನೈದು. ಒಂದು ಹದಿನೈದನೇ ತಾರೀಖು ಅವಳಿಗೆ ತಾರೀಖೇ ಮರೆತುಹೋಯಿತು. ಡೆಸ್ಕಿನ ಕೆಳಗೆ ಮೂರನೆಯ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು, ಎರಡು ಸಲ ಕರೆದರೂ ಕೇಳಿಸಲಿಲ್ಲ.

ಟೀಚರ್ ಹೊಡೆಯಲಿಲ್ಲ. ನೆಲ ಒರೆಸುವ ಬಕೆಟ್ಟನ್ನು ಮುಂದೆ ತರಿಸಿದರು. ಅವಳ ಕೈಯಿಂದಲೇ ಒಂದೊಂದೇ ಹಾಳೆ ಹರಿಸಿ ಆ ಕೊಳೆನೀರಿಗೆ ಹಾಕಿಸಿದರು. ಇಡೀ ತರಗತಿ ಹಾಳೆಗಳನ್ನು ಗಟ್ಟಿಯಾಗಿ ಎಣಿಸಬೇಕಿತ್ತು, ಎಣಿಸಿತು. ಪುಸ್ತಕ ಬಾಡಿಗೆ ಅಂಗಡಿಯದು. ಅಂಗಡಿಯಾಕೆ ಮತ್ತೆ ಅವಳ ಕೈಗೆ ಪುಸ್ತಕ ಕೊಡಲಿಲ್ಲ. ನಾಲ್ಕನೆಯದರಲ್ಲಿ ಏನಾಯಿತೆಂದು ತಿಳಿಯಲು ರಾನ್‌ಹಿಗೆ ಮೂವತ್ತೈದಾಗಬೇಕಾಯಿತು. ಶಾಲೆ ಮುಗಿಯುವವರೆಗೂ ಅವಳ ಹೆಸರು ಬಕೆಟ್ಟು.

ಎಂಟನೆಯ ಪುಸ್ತಕದ ಕೊನೆಯಲ್ಲಿ ಆ ನೆರಳಿನ ಟೀಚರ್ ಬೀರು ತೆಗೆಯುತ್ತಾಳೆ. ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದು, ನೆರಳು ವಾಪಸು ಕೊಟ್ಟು, ತಪ್ಪಾಯ್ತು ಎನ್ನುತ್ತಾಳೆ. ರಾನ್‌ಹಿ ಅದನ್ನು ಎಷ್ಟು ಸಲ ಓದಿದ್ದಳೋ. ಅವಳಿಗೆ ಬೇಕಾಗಿದ್ದುದು ಅದೇ ಒಂದು ಮಾತು, ಪ್ಯೊ ಟೀಚರ ಬಾಯಿಂದ. ಎರಡು ತಿಂಗಳ ಮೊದಲೇ ಟೀಚರಿಗೆ ಎಂಟೂ ಪುಸ್ತಕ ಕಟ್ಟಿ ಕಳಿಸಿದ್ದಳು. ಓದಿದ ಮೇಲೆ ಕಲ್ಲೂ ಕರಗೀತು ಎಂದುಕೊಂಡಿದ್ದಳು.

ಟೀಚರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಎಪ್ಪತ್ತಾರು ವರ್ಷ, ಬೆನ್ನು ಮಾತ್ರ ಬಾಗಿಲ್ಲ. ಕೂರುವ ಮೊದಲು ಮೇಜಿನ ಮೇಲೆ ಒಂದು ಬೆರಳೆಳೆದು ನೋಡಿಕೊಂಡರು.

“ಒರೆಸಿದೀಯೋ, ಬಟ್ಟೆ ತೋರಿಸಿದೀಯೋ?”

“ಒರೆಸಿದೀನಿ ಟೀಚರ್,” ಎಂದು ಗುಮ್‌ಜು ನಕ್ಕು ಹೂ ಸಿಕ್ಕಿಸಿದಳು.

“ನೀನು ಮೀನಿನ ಮಂಡಿಯವನ ಮಗಳು. ಇವಳು ಹ್ಯೆರಿಮ್, ಅದೇ ಮೂಗು. ಔಷಧಿ ಮಾರಿದ್ರೂ ಮೂಗು ರಿಪೇರಿ ಆಗ್ಲಿಲ್ಲ ನೋಡು.” ಆಮೇಲೆ ರಾನ್‌ಹಿಯ ಕಡೆ ತಿರುಗಿದರು. “ನೀನು ಮಾಲ್‌ಸುಕ್ ಅಲ್ವಾ?”

“ರಾನ್‌ಹಿ, ಟೀಚರ್. ಬೊಂಗ್ ರಾನ್‌ಹಿ. ಪುಸ್ತಕ ಕಳಿಸಿದ್ದು ನಾನೇ.”

“ಹಾಗೊಬ್ಬಳು ಇದ್ಲಾ?” ಎಂದು ಟೀಚರ್ ಹುರುಳಿಲ್ಲದ ಮಾತೆಂಬಂತೆ ಬಿಟ್ಟು, ಮೀನಿನ ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು.

ಮಾತು ಪುಸ್ತಕಕ್ಕೆ ಬಂತು. ಗುಮ್‌ಜುವಿಗೆ ಕುಸ್ತಿ ಕಲಿಸುವ ದೆವ್ವದ ಮೇಷ್ಟ್ರೆಂದರೆ ಪ್ರಾಣ. ಮಕ್ಕಳ ಎದುರು ಬೇಕೆಂದೇ ಸೋಲುವವನು ಅವನು. ಹ್ಯೆರಿಮ್‌ಗೆ ಮುದಿ ಕೊಕ್ಕರೆ ಟೀಚರ್ ಇಷ್ಟ.

“ಆ ದೆವ್ವ ಮೇಷ್ಟ್ರಲ್ಲ, ಕೋಡಂಗಿ,” ಎಂದರು ಪ್ಯೊ ಟೀಚರ್. “ಕೊಕ್ಕರೆ ತರಗತೀಲೇ ತೂಕಡಿಸ್ತಾಳೆ. ಆ ಶಾಲೇಲಿ ಟೀಚರ್ ಅನ್ನಿಸಿಕೊಳ್ಳೋಳು ಒಬ್ಬಳೇ, ನೆರಳು ಕತ್ತರಿಸೋಳು.”

ರಾನ್‌ಹಿ ಮುಂದಕ್ಕೆ ಬಾಗಿದಳು. “ಅವಳು ಇಷ್ಟ ಆದ್ಲಾ ಟೀಚರ್ ನಿಮಗೆ?”

“ಇಷ್ಟ ಏನು ಬಂತು? ಕೆಲಸ ಗೊತ್ತಿದ್ದೋಳು. ಕೊನೇಲಿ ಅವಳನ್ನ ಕೆಡಿಸಿಬಿಟ್ಟಿದಾರೆ. ಬೀರು ತೆಗೀತಾಳಂತೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೀತಾಳಂತೆ, ಗೊಳೋ ಅಂತಾಳಂತೆ. ಯಾವ ಟೀಚರಿಗೆ ಅಷ್ಟು ಹೆಸರು ನೆನಪಿರುತ್ತೆ? ಓದಿ ನಗು ಬಂತು.”

ಇನ್ನು ತಡೆದರೆ ಮಾತು ಹೊರಡುವುದಿಲ್ಲ ಎನ್ನಿಸಿ ರಾನ್‌ಹಿ ಹೇಳಿಯೇಬಿಟ್ಟಳು. “ನೀವು ನನ್ನ ಕೈಲಿ ಇದೇ ಕಥೆಯ ಮೂರನೇ ಪುಸ್ತಕ ಹರಿಸಿದ್ರಿ. ಬಕೆಟ್ಟಿಗೆ ಹಾಕಿಸಿದ್ರಿ. ಎಲ್ಲರ ಬಾಯಲ್ಲೂ ಎಣಿಕೆ ಹೇಳಿಸಿದ್ರಿ.”

ಟೀಚರ್ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. “ಇರಬಹುದು. ಎಷ್ಟೋ ಹರಿಸಿದೀನಿ.”

“ಅದಕ್ಕೆ ನಿಮ್ಮಿಂದ ಒಂದು ಮಾತು ಬೇಕು ಟೀಚರ್. ಒಂದೇ ಒಂದು.”

“ಅವತ್ತು ಎಷ್ಟನೇ ತಾರೀಖು?”

“ಹದಿನೈದು.”

“ನಿನ್ನ ನಂಬರು?”

“ಹದಿನೈದು.”

ಟೀಚರ್ ಊಟದ ಕಡ್ಡಿಗಳನ್ನು ಮೇಜಿನ ಮೇಲಿಟ್ಟು ಹೊಟ್ಟೆ ಕುಲುಕುವಂತೆ ನಕ್ಕರು. “ಹದಿನೈದನೇ ತಾರೀಖು, ಹದಿನೈದನೇ ನಂಬರಿನೋಳು, ಡೆಸ್ಕಿನ ಕೆಳಗೆ ಕಥೆಪುಸ್ತಕ! ಅಯ್ಯೋ, ಇಂಥ ಪೆದ್ದೀನ ನಾನು ಹೇಗೆ ಮರೆತೆ?”

ಗುಮ್‌ಜು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಮೂಗಿನಿಂದ ನುಗ್ಗಿತು. ಹ್ಯೆರಿಮ್ ತಲೆ ತಗ್ಗಿಸಿದಳು, ಅವಳ ಹೆಗಲು ಅಲುಗುತ್ತಿತ್ತು. ಅಂದು ಹಾಳೆ ಎಣಿಸಿದ ದನಿಗಳಲ್ಲಿ ಈ ಎರಡೂ ಇದ್ದವು ಎಂಬುದು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ರಾನ್‌ಹಿಗೆ ಹೊಳೆಯಿತು.

“ಇವತ್ತು ಎಷ್ಟನೇ ತಾರೀಖು?” ಟೀಚರ್ ಕೇಳಿದರು.

“ಹದಿನೈದು, ಟೀಚರ್!” ಗುಮ್‌ಜು ಥಟ್ಟನೆ ಹೇಳಿದಳು.

“ಹದಿನೈದು, ಎದ್ದೇಳು.”

ದನಿ ಏರಿಸಿಯೂ ಇರಲಿಲ್ಲ. ಎಲ್ಲೋ ಕುರ್ಚಿ ಕಿರ್ರೆಂದಿತು. ಅದು ತನ್ನದೇ ಕುರ್ಚಿ ಎಂದು ರಾನ್‌ಹಿಗೆ ತಿಳಿಯುವ ಹೊತ್ತಿಗೆ ಅವಳು ನಿಂತಾಗಿತ್ತು, ಎರಡೂ ಕೈ ತೊಡೆಗೆ ಅಂಟಿಕೊಂಡಿದ್ದವು. ಕೂತುಬಿಡು ಎಂದು ತನಗೆ ತಾನೇ ಹೇಳಿಕೊಂಡಳು. ಕಾಲು ಕೇಳಲಿಲ್ಲ.

“ಆ ಎಂಟನೇ ಪುಸ್ತಕ ತಗೋ. ಕೊನೇ ಪಾಠ. ಗಟ್ಟಿಯಾಗಿ ಓದು, ಎಲ್ಲರೂ ಕೇಳಲಿ.”

ರಾನ್‌ಹಿ ಓದಿದಳು. ಬೀರು ತೆರೆಯಿತು. ಹೆಸರುಗಳು ಒಂದೊಂದಾಗಿ ಬಂದವು. ಟೀಚರ್ ಮೀನಿನ ಮುಳ್ಳು ಬಿಡಿಸುತ್ತ, “ನಿಧಾನ, ರೈಲು ಓಡಿಸಬೇಡ” ಎಂದರು. ಆ ಮಾತು ಬಂದಾಗ ರಾನ್‌ಹಿಯ ದನಿ ಇಳಿಯಿತು.

“ತಪ್ಪಾಯ್ತು.”

“ಕೇಳಿಸ್ಲಿಲ್ಲ.”

“ತಪ್ಪಾಯ್ತು.”

“ಹಿಂದಿನ ಬೆಂಚಿಗೂ ಕೇಳಬೇಕು. ಇನ್ನೊಂದ್ಸಲ.”

“ತಪ್ಪಾಯ್ತು!”

“ಹಾಂ, ಹಾಗೆ” ಎಂದರು ಟೀಚರ್. ಕೂರು ಎನ್ನಲಿಲ್ಲ. ಖಾಲಿ ಬಟ್ಟಲನ್ನು ಮುಂದಕ್ಕೆ ಚಾಚಿದರು. ಗುಮ್‌ಜು ಎದ್ದು, ನಿಂತಿದ್ದ ರಾನ್‌ಹಿಯನ್ನು ಮೊಣಕೈಯಿಂದ ಸ್ವಲ್ಪ ಆಚೆ ಸರಿಸಿ, ಟೀಚರಿಗೆ ಇನ್ನಷ್ಟು ಸಾರು ಬಡಿಸಿದಳು.