ಹಣೆಯಂಚಿನ ಗಂಟು

"ನಾನು ಹಾಕಿದ ಗಂಟು ಬಿಚ್ಚೋಕೆ ನಿನಗೆ ಯಾರೇ ಹೇಳಿದ್ದು? ಬಾಯಿಗೆ ಬೀಗ ಜಡ್ಕೊಂಡಿದ್ದೀಯಾ? ಬೊಗಳು!"

ಜೋರಕ್ಕ ಕಸದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬಿಚ್ಚಿ ಎಸೆದ ಕೂದಲಿನ ಎಳೆಗಳು ಹರಡಿಕೊಂಡವು. ಗಂಟು ಬಿದ್ದ ಜಾಗದ ಸುಕ್ಕು ಒಂದೊಂದರಲ್ಲೂ ಹಾಗೇ ಇತ್ತು.

"ಬೊಗಳೋಕೆ ನಾನು ನಾಯಿಯಲ್ಲ ಅಕ್ಕ," ಎಂದಳು ಅವಳ ಓರಗಿತ್ತಿ, ಕೈಯಲ್ಲಿದ್ದ ಬಾಚಣಿಗೆ ಕೆಳಗಿಡದೆ. "ಟೀಚರಮ್ಮ ಸಂಜೆ ಬರ್ತಾರೆ. ವಿಗ್ ಹಂಗೇ ಕೊಡೋಕಾಗ್ತಿತ್ತಾ? ಒಂದೊಂದು ತೂತಿಗೆ ಮೂರು ಮೂರು ಕೂದಲು. ಪಾಪ, ಕಾಯಿಲೆ ಬಿದ್ದು ತಲೆ ಬೋಳಾಗಿರೋ ಹೆಂಗಸು, ಹಣೆ ಮೇಲೆ ಪೊರಕೆ ಇಟ್ಕೊಂಡು ಪಾಠ ಮಾಡ್ಬೇಕಾ?"

"ಪೊರಕೆ! ಸೂಜಿ ಹಿಡಿಯೋದು ಹೇಗೆ ಅಂತ ನಿನಗೆ ತೋರಿಸಿಕೊಟ್ಟವಳು ನಾನು. ನನ್ನ ಕೆಲಸ ಪೊರಕೆನಾ?"

ಅಣ್ಣತಮ್ಮಂದಿರು ಆರ್ಡರು ಹಿಡಿದು, ಕೂದಲು ಕೊಂಡು ತರುತ್ತಿದ್ದರು. ಹೆಂಡತಿಯರಿಬ್ಬರೂ ಈ ಮಹಡಿಯ ಕೋಣೆಯಲ್ಲಿ ಕೂತು ವಿಗ್ ಮಾಡುತ್ತಿದ್ದರು. ಜೋರಕ್ಕನಿಗೆ ಕೆಲಸ ಕಲಿಸಿದ್ದು ಸತ್ತುಹೋದ ಅತ್ತೆ. ತೆಳ್ಳನೆಯ ಬಲೆಯನ್ನು ಮರದ ತಲೆಗೆ ತೊಡಿಸಿ, ಕೊಕ್ಕೆ ಸೂಜಿಯಲ್ಲಿ ಕೂದಲನ್ನು ಎಳೆದೆಳೆದು ಗಂಟು ಹಾಕಬೇಕು. ಹಿಂದಲೆಯನ್ನು ಕೈಯಿದ್ದವರು ಯಾರು ಬೇಕಾದರೂ ತುಂಬಿಸಬಹುದು. ಹಣೆಯಂಚು ಹಾಗಲ್ಲ. ಅಲ್ಲಿ ತೂತಿಗೊಂದೇ ಕೂದಲು, ಚರ್ಮದಿಂದಲೇ ಹುಟ್ಟಿದ ಹಾಗೆ ಕಾಣಬೇಕು. ಆ ಕೆಲಸ ಕಿಟಕಿ ಪಕ್ಕದ ಕುರ್ಚಿಯವಳದು. ಗಿರಾಕಿಗಳು ಬಂದರೆ ಸೀದಾ ಆ ಕುರ್ಚಿಯ ಹತ್ತಿರ ಹೋಗಿಯೇ ಮಾತಾಡುವುದು. ಅತ್ತೆ ಅದನ್ನು ಜೋರಕ್ಕನಿಗೆ ಬಿಟ್ಟುಹೋಗಿದ್ದಳು. ಗಂಟು ಬಿಗಿಯುವ ತನಕ ರೆಪ್ಪೆ ಬಡಿಯಕೂಡದು ಎಂದು ಆ ಮುದುಕಿ ಹೇಳಿದ್ದನ್ನು ಜೋರಕ್ಕ ಎಷ್ಟು ಪಾಲಿಸಿದ್ದಳೆಂದರೆ, ಕೆಲಸಕ್ಕೆ ಕೂತಾಗ ಅವಳಿಗೂ ಎದುರಿಗಿದ್ದ ಮರದ ತಲೆಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ.

ಕೂದಲು ಹಾರೀತೆಂದು ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ತೊಳೆದ ಕೂದಲನ್ನು ಒಣಗಿಸುವ ಬಿಸಿಗಾಳಿ ಪೆಟ್ಟಿಗೆ ಮಾತ್ರ ದಿನವಿಡೀ ಗುರ್ ಅನ್ನುತ್ತಿತ್ತು. ಅದರ ಬಾಯಿ ಕಿಟಕಿಯ ಕುರ್ಚಿಯ ಕಡೆಗೇ ಇತ್ತು.

ಈಚೆಗೆ ಬೆಳಿಗ್ಗೆ ಎದ್ದರೆ ಕಣ್ಣಿಗೆ ಯಾರೋ ಮರಳು ಎರಚಿದಂತೆ. ಮಧ್ಯಾಹ್ನದ ಹೊತ್ತಿಗೆ ಉರಿ, ಬಳಬಳ ನೀರು. ಜೋರಕ್ಕ ಔಷಧಿ ಅಂಗಡಿಯಿಂದ ಕೆಂಪು ಹೋಗಿಸುವ ಹನಿ ತಂದಳು. ಹಾಕಿದ ತಕ್ಷಣ ಕಣ್ಣು ಹಾಲಿನಂತೆ ಬೆಳ್ಳಗಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಕೆಂಪಾಗುತ್ತಿತ್ತು. ಮತ್ತೆ ಹಾಕುತ್ತಿದ್ದಳು.

ಹೋದ ತಿಂಗಳು ಓರಗಿತ್ತಿಯೇ ಅವಳನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಡಾಕ್ಟರು ಕೆಳರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ, ಕಣ್ಣು ಮುಚ್ಚಿಸಿ ಕೂರಿಸಿದರು. ತೆಗೆದು ನೋಡಿದರೆ ಪಟ್ಟಿಯ ತುದಿ ಮಾತ್ರ ನೆನೆದಿತ್ತು.

"ಕಣ್ಣು ಒಣಗಿದೆ ತಾಯಿ."

"ಕೊಡ ತುಂಬೋವಷ್ಟು ನೀರು ಸುರೀತದೆ, ಒಣಗಿದೆ ಅಂತೀರಲ್ಲ! ಮೊದಲು ನೀವು ಕನ್ನಡಕ ಹಾಕ್ಕೊಳ್ಳಿ ಡಾಕ್ಟ್ರೇ."

ಡಾಕ್ಟರು ನಕ್ಕು ವಿವರಿಸಿದರು. ಸುರಿಯುವುದು ಉರಿ ತಾಳಲಾರದೆ ಬರುವ ನೀರು, ಅದು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ನಿಲ್ಲುವ ನೀರಿಗೆ ರೆಪ್ಪೆಯಂಚಿನಿಂದ ಎಣ್ಣೆ ಬೆರೆಯಬೇಕು. ರೆಪ್ಪೆ ಬಡಿಯದಿದ್ದರೆ ಎಣ್ಣೆ ಬರುವ ತೂತುಗಳು ಕಟ್ಟಿ ಅದು ಒಳಗೇ ಉಳಿಯುತ್ತದೆ. ಕೆಂಪು ಹೋಗಿಸುವ ಹನಿ ಬಿಡಿ, ಇದಕ್ಕೆ ಕಣ್ಣೀರಿನಂಥದೇ ಬೇರೆ ಹನಿ ಕೊಡುತ್ತೇನೆ. ದಿನಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಿ. ಆಗಾಗ ರೆಪ್ಪೆ ಪೂರ್ತಿ ಕೂಡುವಂತೆ ಮುಚ್ಚಿ ತೆರೆಯಿರಿ. ಬಿಸಿಗಾಳಿಯ ಎದುರು ಮಾತ್ರ ಕೂರಬೇಡಿ.

ಕೊನೆಯ ಮಾತು ಕಿವಿಗೆ ಬಿದ್ದದ್ದೇ ಜೋರಕ್ಕನ ತಲೆ ಕೆಟ್ಟಿತು. ಹನಿಯ ಚೀಟಿಯನ್ನು ದಾರಿಯಲ್ಲೇ ಹರಿದೆಸೆದಿದ್ದಳು.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಈ ಮನೆ ಕೆಲಸ ಕಾದವಳು ನಾನು," ಈಗ ಅವಳು ಕೂಗಿದಳು, "ನನ್ನ ಕಣ್ಣಲ್ಲಿ ಎಣ್ಣೆ ಇಲ್ವಂತೆ! ಆ ಡಾಕ್ಟರ ಕಿವಿ ಊದಿದ್ದು ನೀನೇ. ನನ್ನ ಕುರ್ಚಿ ಮೇಲೆ ನಿನಗೆ ಆಸೆ."

"ಪೆಟ್ಟಿಗೆ ಆ ಕಡೆ ತಿರುಗಿಸೋಣ ಅಂದೆ, ಬೇಡ ಅಂದ್ರಿ. ನೀರು ಕಾಯಿಸಿ ಬಟ್ಟೆ ತಂದ್ಕೊಟ್ಟೆ, ನನ್ನ ಮುಖಕ್ಕೇ ಎಸೆದ್ರಿ. ನಾನು ಇನ್ನೇನು ಕಾಲಿಗೆ ಬೀಳ್ಬೇಕಾ?"

"ಬೀಳೋದೇನೂ ಬೇಡ. ಯಾರದು ಪೊರಕೆ ಅಂತ ಈಗ್ಲೇ ತೋರಿಸ್ತೀನಿ."

ಜೋರಕ್ಕ ಟೀಚರಮ್ಮನ ವಿಗ್ಗನ್ನು ತನ್ನ ಕಡೆ ತಿರುಗಿಸಿಕೊಂಡಳು. ಸೆರಗಿನಲ್ಲಿ ಕಣ್ಣೊರೆಸಿ, ಹಣೆಯಂಚಿಗೆ ಮೂಗು ತಾಗುವಷ್ಟು ಬಗ್ಗಿದಳು. ಒಂದೊಂದು ಕೂದಲಿನ ಪಕ್ಕವೂ ಇನ್ನೊಂದು ಮಂಕಾಗಿ ನಿಂತಿತ್ತು. ಬಲಗಡೆ ನೋಡಿದಷ್ಟೂ ದಟ್ಟ, ಒರಟು. ಸಿಕ್ಕಿತು ಅಂದುಕೊಂಡಳು.

"ಇದು ನೋಡು ನಿನ್ನ ಕೈಗುಣ! ಒಂದಕ್ಕೆ ಎರಡೆರಡು. ಇಂಥಾ ದರಿದ್ರ ಗಂಟು ಹಾಕಿ ನನಗೆ ಬುದ್ಧಿ ಹೇಳೋಕೆ ಬರ್ತೀಯಾ?"

"ಅಕ್ಕಾ, ಬೇಡ, ಅದು..."

"ಮುಚ್ಚು ಬಾಯಿ."

ಕತ್ತರಿ ಆಡಿತು. ಬಲಗಡೆಯ ಹಣೆಯಂಚು ಪೂರಾ, ಬಲೆಯೂ ಸೇರಿ ಕತ್ತರಿಸಿಕೊಂಡು ಬಂದು ಅವಳ ಮಡಿಲಿಗೆ ಬಿತ್ತು.

ಓರಗಿತ್ತಿ ವಿಗ್ಗನ್ನು ತನ್ನ ಕಡೆ ಎಳೆದುಕೊಂಡಳು. "ಅಕ್ಕ," ಎಂದಳು, "ಅದು ನಿಮ್ಮದೇ. ಕಣ್ಣು ಹಾಳಾಗೋಕೆ ಮುಂಚೆ ನೀವು ಹಾಕಿದ್ದು. ನಾನು ಬಿಚ್ಚಿ ಮತ್ತೆ ಹಾಕಿದ್ದು ಎಡಗಡೆ ಮಾತ್ರ. ಬಲಗಡೆ ಮುಟ್ಟೋಕೆ ನನಗೆ ಮನಸ್ಸೇ ಬರಲಿಲ್ಲ, ಅಷ್ಟು ಚೆನ್ನಾಗಿತ್ತು."

ಜೋರಕ್ಕ ಮಡಿಲಿನ ಚೂರನ್ನು ಬೆರಳಲ್ಲಿ ತಡವಿದಳು. ಕಣ್ಣಿಗಿಂತ ಬೆರಳು ನಂಬಿಕಸ್ಥ. ಗಂಟುಗಳು ಒಂದೊಂದಾಗಿ, ಸಾಸಿವೆಗಿಂತ ಸಣ್ಣದಾಗಿ ಸಿಕ್ಕವು. ತನ್ನವೇ.

"ಮೊದಲೇ ಹೇಳೋಕೆ ಏನಾಗಿತ್ತೇ ನಿನಗೆ ರೋಗ?"

"ಹೇಳೋಕೆ ಬಿಟ್ರಾ?" ಓರಗಿತ್ತಿಯ ದನಿ ಮೆತ್ತಗಾಗಿತ್ತು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. "ಹೋಗ್ಲಿ ಬಿಡಿ. ಟೀಚರಮ್ಮನಿಗೆ ನಾನೇ ಏನೋ ಹೇಳ್ತೀನಿ. ಹೊಸ ಬಲೆ ಹೊಲ್ದು ಮತ್ತೆ ಹಾಕೋಣ. ನೀವು ಒಂದಷ್ಟು ದಿನ ಹಿಂದಲೆ ನೋಡ್ಕೊಳ್ಳಿ. ಡಾಕ್ಟ್ರು ಹೇಳಿದ್ದು ಮಾಡಿದ್ರೆ ಕಣ್ಣು ಸುಧಾರಿಸುತ್ತೆ."

"ಸುಧಾರಿಸುತ್ತೆ ಅಂತಿಟ್ಕೋ. ಆವಾಗ ಆ ಕುರ್ಚಿಯಿಂದ ನೀನು ಏಳ್ತೀಯಾ?"

ಓರಗಿತ್ತಿ ಬಾಯಿ ತೆರೆದಳು. ಏನೋ ಹೇಳಬೇಕೆಂದುಕೊಂಡವಳು ಕಿಟಕಿಯ ಕಡೆ ನೋಡಿದಳು, ಕುರ್ಚಿ ನೋಡಿದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಗೊತ್ತಾಯ್ತು ಬಿಡು," ಎಂದಳು ಜೋರಕ್ಕ.

ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಮಡಿಲು ಕೊಡವಿ ಎದ್ದಳು. ಅವಳು ಚೀಲ ತೆಗೆದುಕೊಳ್ಳಲಿಲ್ಲ, ಓರಗಿತ್ತಿಯ ಮುಖವನ್ನೂ ನೋಡಲಿಲ್ಲ. ಬಾಗಿಲು ದಾಟುವಾಗ ಭುಜ ಚೌಕಟ್ಟಿಗೆ ಬಡಿಯಿತು. ಆ ಬಾಗಿಲಿಗೂ ಒಂದು ಬೈಗುಳ ಬಿತ್ತು.

"ಅಕ್ಕಾ, ಎಲ್ಲಿಗೆ? ಟೀಚರಮ್ಮ ಬರೋ ಹೊತ್ತು. ಬಂದು ನಿಮ್ಮನ್ನೇ ಕೇಳ್ತಾರೆ!"

"ಸತ್ಲು ಅನ್ನು."

ಜೋರಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಓರಗಿತ್ತಿ ಮೇಲಿನಿಂದ ಇನ್ನೆರಡು ಸಲ ಕೂಗಿದಳು. ಆ ಸಂಜೆಯೂ ಜೋರಕ್ಕ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೈದುನ ಹೋಗಿ ಕರೆದ, ಗಂಡ ಕೈಮುಗಿದ. ಜೋರಕ್ಕ ಮತ್ತೆ ಆ ಮೆಟ್ಟಿಲು ಹತ್ತಲೇ ಇಲ್ಲ.